ಮುದುಕವ್ವನಿಗೆ ಹೇಳಿದ ಪಾಠ

ಕುಷ್ಟಗಿಯ ತಹಶೀಲ ಕಚೇರಿಯಲ್ಲಿ ಜವಾನನಾಗಿದ್ದ ವಿರುಪಣ್ಣ ಸಂಜೆ ಮನೆಗೆ ಬರುವ ಹೊತ್ತಿಗೆ ಅವನ ಹೆಂಡತಿ ಯಮನೂರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಖಾಕಿ ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು ಬಂದು ಕೂತರೆ ತಾಟಿಗೆ ಬಿಸಿ ರೊಟ್ಟಿ ಬೀಳುತ್ತಿತ್ತು. ಆ ಕೆಲಸ ಎಷ್ಟು ಹೊತ್ತಿನಿಂದ ನಡೆದಿದೆ ಎಂದು ಅವನು ಕೇಳಿದವನಲ್ಲ. ಕೇಳುವಂಥದ್ದು ಅದರಲ್ಲಿ ಏನಾದರೂ ಇದೆ ಎಂದು ಯಮನೂರಮ್ಮನೂ ಅಂದುಕೊಂಡಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಆ ಮನೆಗೆ ಎರಡು ಸುದ್ದಿ ಒಂದರ ಬೆನ್ನಿಗೊಂದು ಬಂದವು. ಒಬ್ಬಳೇ ಮಗಳು ಹುಲಿಗವ್ವ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಕೊಪ್ಪಳಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಬೇಕು, ತನಗೆ ಕಲಿಸಿದ ರಾಜಾಬೀ ಟೀಚರಂತೆ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಸಾಲಿಯ ಮೆಟ್ಟಿಲು ಹತ್ತಬೇಕು ಎಂದು ಅವಳು ಬಹಳ ಹಿಂದೆಯೇ ನಿಶ್ಚಯಿಸಿಕೊಂಡಿದ್ದಳು. ಎರಡನೆಯ ಸುದ್ದಿ ಕಚೇರಿಯದು. ವರ್ಷದ ಕೊನೆಗೆ ಕ್ಲಾರ್ಕ್ ಜಾಗಗಳು ಖಾಲಿಯಾಗುತ್ತವೆ, ಜವಾನರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರನ್ನು ಮೇಲಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಹೇಳುತ್ತಿದ್ದರು. ವಿರುಪಣ್ಣ ಕನಕಗಿರಿಯಲ್ಲಿ ಓದಿದವನು. ಎಲ್ಲ ವಿಷಯ ಮುಗಿಸಿ ಇಂಗ್ಲಿಷ್ ಒಂದರಲ್ಲಿ ಉಳಿದುಕೊಂಡವನು. ಮದುವೆಗೆ ಮೊದಲು ಮತ್ತೆರಡು ಸಲ ಪರೀಕ್ಷೆಗೆ ಕಟ್ಟಿ, ಎರಡು ಸಲವೂ ಬಿದ್ದು, ಆ ಮಾತನ್ನೇ ಬಿಟ್ಟಿದ್ದ.

ಊಟಕ್ಕೆ ಕೂತಾಗ ಅಕ್ಟೋಬರ್ ಪರೀಕ್ಷೆಗೆ ಕಟ್ಟುತ್ತೇನೆ ಎಂದು ಅವನು ಹೇಳಿದಾಗ ಮೊದಲು ನಕ್ಕವಳು ಅವನ ತಾಯಿ ಮುದುಕವ್ವ.

“ತಲಿ ಬೆಳ್ಳಗಾದ ಮ್ಯಾಲ ಸಾಲಿಗೆ ಹೊಂಟೇನಪಾ? ಪಾಟಿ ಚೀಲ ಹೊಲಸ್ಲೇನು?”

ಯಮನೂರಮ್ಮ ನಗಲಿಲ್ಲ. ಗಂಡ ಸಾಹೇಬರ ಮನೆಯಿಂದ ಊಟದ ಡಬ್ಬಿ ಹೊತ್ತು ಬಜಾರಿನಲ್ಲಿ ಹೋಗುವುದನ್ನು ಎಷ್ಟೋ ಸಲ ನೋಡಿ ಅವಳು ಮುಖ ತಿರುಗಿಸಿದ್ದಳು. ಕ್ಲಾರ್ಕ್ ಆದರೆ ಆ ಡಬ್ಬಿ ಹೊರುವುದು ತಪ್ಪುತ್ತದೆ ಎಂಬುದಷ್ಟೇ ಅವಳ ಲೆಕ್ಕ. ಹೊರಗೆ ಮಾಸ್ತರರ ಹತ್ತಿರ ಹೋಗಿ ಕಲಿಯಲು ವಿರುಪಣ್ಣನಿಗೆ ನಾಚಿಕೆ. ಮತ್ತೆ ಬಿದ್ದರೆ ಊರೆಲ್ಲ ತಿಳಿಯುತ್ತದೆ. ಮನೆಯಲ್ಲೇ ಕಲಿತ ಮಗಳಿದ್ದಾಳೆ ಎಂದು ಯಮನೂರಮ್ಮನೇ ಸೂಚಿಸಿದಳು.

ಕೊಪ್ಪಳದ ಅರ್ಜಿಯ ಕೊನೆಯ ದಿನ ಹತ್ತಿರವಾಗಿತ್ತು. ಹುಲಿಗವ್ವ ಹೋದರೆ ಕಲಿಸುವವರಿಲ್ಲ, ಕಲಿಸಲು ನಿಂತರೆ ಅವಳ ಒಂದು ವರ್ಷ ಹೋಗುತ್ತದೆ. ವಿರುಪಣ್ಣ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮಗಳನ್ನು ಕರೆದು ಗೋಡೆಯಲ್ಲಿ ದೇವರಿಟ್ಟ ಮಾಡದ ಮುಂದೆ ನಿಲ್ಲಿಸಿಕೊಂಡ.

“ಈ ವರ್ಷ ಮನ್ಯಾಗ ಇರು ಹುಲಿಗಿ. ನನ್ನ ಇಂಗ್ಲಿಷ್ ಒಂದು ದಾಟಿಸು. ಬರೂ ವರ್ಷ ನಾನ ಕೊಪ್ಪಳಕ್ಕ ಕರ್ಕೊಂಡು ಹೋಗಿ ನಿನ್ನ ಹೆಸರು ಹಚ್ಚಿ ಬರ್ತೀನಿ. ಯವ್ವಾ, ಇದಕ್ಕ ನೀನ ಸಾಕ್ಷಿ.”

“ಕೇಳೀನಿ ಬಿಡಪಾ,” ಎಂದಳು ಮುದುಕವ್ವ. “ನನ್ನ ಕಿವಿ ಅದಾವ ಇನ್ನ.”

ಅದು ನಿಜವೂ ಆಗಿತ್ತು. ಪಡಸಾಲೆಯಲ್ಲಿ ಮಲಗಿದ್ದರೂ ಅಡಿಗೆಮನೆಯಲ್ಲಿ ಬೆಕ್ಕು ಹಾಲಿನ ಗಡಿಗೆಯ ಮುಚ್ಚಳ ಸರಿಸಿದರೆ ಅವಳಿಗೆ ಕೇಳುತ್ತಿತ್ತು.

ಪಾಠ ಮೊದಲ ದಿನವೇ ನಿಂತಿತು. ತಂದೆ ಚಾಪೆಯ ಮೇಲೆ ಮಗಳ ಎದುರು ಕೂತಿದ್ದ. ಅವನು ಓದಿದ್ದನ್ನು ಕೇಳಿ ಹುಲಿಗವ್ವ ತಪ್ಪು ಅಪ್ಪಾ, ಇನ್ನೊಮ್ಮೆ ಹೇಳ್ರಿ ಎಂದಳು. ಮುದುಕವ್ವ ಕೂತಲ್ಲಿಂದಲೇ ಕೋಲು ಕುಟ್ಟಿದಳು.

“ಪಾಠ ಹೇಳಿದವ್ರ ಕಾಲಿಗೆ ಬೀಳಬೇಕು, ಹೌದಿಲ್ಲೋ? ಇವ ಮಗಳ ಕಾಲಿಗೆ ಬೀಳ್ತಾನೇನು? ಹಡದಪ್ಪಗ ತಪ್ಪು ತಪ್ಪು ಅಂದ್ರ ನಾಳಿ ಯಾರ ಮನ್ಯಾಗ ಬಾಳೇವು ಮಾಡ್ಯಾಳು ಇಕಿ?”

“ಮತ್ತ ಹೆಂಗ ಮಾಡ್ಲಿ ಆಯಿ?”

ಮುದುಕವ್ವ ತಾನೇ ಎದ್ದು ಬಂದು ಮಗನನ್ನು ಚಾಪೆಯಿಂದ ಎಬ್ಬಿಸಿದಳು. ಅವನು ಕೂತಿದ್ದ ಜಾಗದಲ್ಲಿ ಮಂಡಿ ಮಡಚಿ ಕೂತಳು. “ನನಗ ಹೇಳು. ಇವ ಅತ್ತಾಗ ಮಾರಿ ಮಾಡಿ ಶೇಂಗಾ ಸುಲೀಲಿ. ಕಿವಿಗೆ ಬಿದ್ದಷ್ಟು ಬೀಳಲಿ.”

ಮಾರನೆಯ ದಿನದಿಂದ ಹಾಗೆಯೇ ನಡೆಯಿತು. ಸಂಜೆ ಚಹಾ ಆದ ಮೇಲೆ ಮುದುಕವ್ವ ಸೆರಗು ಸರಿಮಾಡಿಕೊಂಡು ಮೊಮ್ಮಗಳ ಎದುರು ಕೂರುತ್ತಿದ್ದಳು. ವಿರುಪಣ್ಣ ಗೋಡೆಗೆ ಮುಖ ಮಾಡಿ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದ. ಶೇಂಗಾ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ತೆಗೆದ, ಅದಾದ ಮೇಲೆ ಹಬ್ಬಕ್ಕೆಂದು ತಂದಿಟ್ಟ ಸೊಸೈಟಿಯ ಅಕ್ಕಿಯಲ್ಲಿ ಕಲ್ಲು ಆರಿಸಿದ. ಉತ್ತರ ಹೇಳಬೇಕಾದಾಗ ಅವನು ತಾಯಿಯನ್ನು ಕೇಳುವವನಂತೆ, ಯವ್ವಾ ಅದು ಹಿಂಗಲ್ಲೇನು ಎನ್ನುತ್ತಿದ್ದ. ತಪ್ಪಾಗಿದ್ದರೆ ಹುಲಿಗವ್ವ ಅಜ್ಜಿಗೆ ಗದರುತ್ತಿದ್ದಳು. ಆಯಿ, ನಿನ್ನೆ ಹೇಳಿದ್ದು ಇವತ್ತ ಮರತಿ, ನಿನ್ನ ತಲ್ಯಾಗ ಏನೈತಿ ಎನ್ನುವಳು. ಮುದುಕವ್ವ ತಲೆ ತಗ್ಗಿಸಿ, ಹೌದವ್ವಾ, ನನ್ನ ತಲ್ಯಾಗ ಸೆಗಣಿ ಐತಿ ಎಂದು ಒಪ್ಪಿಕೊಳ್ಳುವಳು. ಗೋಡೆಯ ಕಡೆ ತಿರುಗಿದ್ದವನ ಕಿವಿ ಕೆಂಪಾಗುತ್ತಿದ್ದವು.

ಪಕ್ಕದ ಮನೆಯ ಹಸನಬೀ ಬಳೆ ಮಾರುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಗಂಗಾವತಿ, ಸಿದ್ದಾಪುರದ ಕಡೆಗೆಲ್ಲ ತಿರುಗುತ್ತಿದ್ದಳು. ಅವಳು ಮೋಟುಗೋಡೆಯ ಮೇಲಿಂದ ಬಗ್ಗಿ ನೋಡಿ ಕೇಳಿದಳು.

“ಮುದುಕವ್ವಾ, ಲಂಡನ್ನಿಗೆ ಹೊಂಟೇನು?”

“ಹೂಂನ. ನಿನ್ನ ಬಳಿಬುಟ್ಟಿನೂ ತಗೊಂಡು ಬಾ, ಮೇಮಸಾಬಗೋಳಿಗೆ ಮಾರೂಣು.”

ಹುಲಿಗವ್ವ ಪಾಠಕ್ಕೆ ಕೂತಷ್ಟು ಹೊತ್ತು ಅವಳ ಕೆಲಸ ತಾಯಿಯ ಮೇಲೆ ಬಿತ್ತು. ಬಾವಿಯ ನೀರು, ಎಮ್ಮೆಯ ಸೆಗಣಿ, ಕುಳ್ಳು ತಟ್ಟುವುದು, ಮುಸುರೆ ಎಲ್ಲ ಯಮನೂರಮ್ಮನದಾಯಿತು. ನಾಲ್ಕು ತಿಂಗಳ ಮಾತು ಎಂದು ಅವಳು ಹಲ್ಲು ಕಚ್ಚಿ ಮಾಡಿದಳು. ಅರ್ಜಿಯ ಕೊನೆಯ ದಿನ ಬಂತು, ಹೋಯಿತು. ಆ ದಿನ ಹುಲಿಗವ್ವ ಪಾಠ ಹೇಳಲಿಲ್ಲ, ತಲೆನೋವು ಎಂದು ಮಲಗಿದಳು.

ಆಗಸ್ಟಿನ ಹೊತ್ತಿಗೆ ಕ್ರಿಯಾಪದದ ಕಾಲಗಳ ಪಾಠ ಬಂತು. ಪರೀಕ್ಷೆಯಲ್ಲಿ ಇದರ ಪ್ರಶ್ನೆ ತಪ್ಪುವುದಿಲ್ಲ ಎಂದು ಹುಲಿಗವ್ವನಿಗೆ ಗೊತ್ತಿತ್ತು. ಉಳಿದವು ಹೇಗೋ ವಿರುಪಣ್ಣನ ತಲೆಗೆ ಹತ್ತಿದವು. ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ಹೆಸರು ಕೇಳಿದ ಕೂಡಲೇ ಅವನ ಕೈ ಅಕ್ಕಿಯಲ್ಲಿ ನಿಂತಿತು. ಕನಕಗಿರಿಯಲ್ಲಿ ಮಾಸ್ತರರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಕೇಳಿದ್ದು ಇದನ್ನೇ. ಅವನು ಬಾಯಿ ಬಿಡಲಾರದೆ ಗಂಟೆ ಹೊಡೆಯುವವರೆಗೆ ನಿಂತಿದ್ದ. ಬೀದಿಯಲ್ಲಿ ಹುಡುಗರು ಹ್ಯಾಡ್ ಬೀನ್, ಹ್ಯಾಡ್ ಬೀನ್ ಎಂದು ಅವನ ಬೆನ್ನು ಹತ್ತಿದ್ದರು.

ಹುಲಿಗವ್ವ ಪುಸ್ತಕ ಮುಚ್ಚಿ ಕನ್ನಡದಲ್ಲೇ ಹೇಳಿದಳು. “ಆಯಿ, ಇಲ್ಲಿ ಕೇಳು. ಅವ್ವ ದೀಪ ಹಚ್ಚೂ ಹೊತ್ತಿನಿಂದ ರೊಟ್ಟಿ ಬಡಿಯಾಕ ಹತ್ತಿದ್ಲು. ಆಮ್ಯಾಲ ಅಪ್ಪ ಬಂದ್ರು. ಅಪ್ಪ ಬರೂಕಿಂತ ಮೊದಲ ಸುರು ಆಗಿದ್ದ ಕೆಲಸ, ಅಪ್ಪ ಬಂದಾಗೂ ನಡದಿತ್ತು. ಅದಕ್ಕ ಹ್ಯಾಡ್ ಬೀನ್ ಹಚ್ಚಬೇಕು. ಮದರ್ ಹ್ಯಾಡ್ ಬೀನ್ ಮೇಕಿಂಗ್ ರೊಟ್ಟಿ ವೆನ್ ಫಾದರ್ ಕೇಮ್.”

ಒಲೆಯ ಮುಂದಿನಿಂದ ಯಮನೂರಮ್ಮ ಕೇಳಿದಳು. “ಬಂದು, ಉಂಡು, ಅಡ್ಡಾದ ಮ್ಯಾಲೂ ಬಡಿತಾನ ಇರ್ತೀನಲ್ಲ, ಅದಕ್ಕೇನಂತಾರವಾ?”

ಮುದುಕವ್ವ ನಕ್ಕಳು. ವಿರುಪಣ್ಣ ನಗಲಿಲ್ಲ. ಅವನು ಪ್ರತಿ ಸಲ ವಾಕ್ಯವನ್ನು ತಿರುಗಿಸಿಬಿಡುತ್ತಿದ್ದ. ಹ್ಯಾಡ್ ಬೀನ್ ತಂದು ತಂದೆಗೆ ಹಚ್ಚುತ್ತಿದ್ದ. ತಂದೆ ಬರುತ್ತಿದ್ದ, ಆಗ ತಾಯಿ ರೊಟ್ಟಿ ಮಾಡಿದಳು ಎನ್ನುತ್ತಿದ್ದ. ಒಂದು ವಾರ ಹೀಗೇ ಆಯಿತು. ಹುಲಿಗವ್ವ ಅಜ್ಜಿಗೆ ಗದರಿ ಗದರಿ ದಣಿದಳು. ಕೊನೆಗೆ ಅವನು ಮೊರದಲ್ಲಿದ್ದ ಅಕ್ಕಿಯನ್ನು ದೂರ ಸರಿಸಿ, ತಾಯಿಯ ನೆಪವನ್ನೂ ಬಿಟ್ಟು ನೇರವಾಗಿ ಮಗಳಿಗೆ ಹೇಳಿದ.

“ನಾ ಬರೂಕಿಂತ ಮೊದಲ ಮನ್ಯಾಗ ಏನ್ ನಡದಿತ್ತೋ ನನಗೇನು ಗೊತ್ತು? ನಾ ಬಂದ ಮ್ಯಾಲಿಂದು ಕೇಳು, ಹೇಳ್ತೀನಿ.”

“ಗೊತ್ತಿಲ್ಲಂದ್ರ ಅವ್ವನ್ನ ಕೇಳ್ರಿ,” ಎಂದಳು ಹುಲಿಗವ್ವ.

ಮರುದಿನ ಅವನು ಬಂದವನೇ ಕಾಲು ಸಹ ತೊಳೆಯದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದೀ ಎಂದು ಕೇಳಿದ. ಯಮನೂರಮ್ಮ ಕೈ ನಿಲ್ಲಿಸಿದಳು. ಹಿಟ್ಟು ಕಡಿಮೆ ಬಂದಿದೆಯೇನು ಎಂದು ಅವಳು ಕೇಳಿದಳು. ಸುಮ್ಮನೆ ಕೇಳಿದೆ ಎಂದ. ಅದರ ಮರುದಿನವೂ ಕೇಳಿದ. ಎಮ್ಮೆಗೆ ಎಷ್ಟು ಹೊತ್ತಿಗೆ ನೀರು ಕುಡಿಸಿದ್ದು, ಬಾವಿಗೆ ಯಾವಾಗ ಹೋಗಿದ್ದು ಎಂದೂ ಕೇಳಿದ. ಮೂರನೆಯ ದಿನ ಅವಳು ಸುಡುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದು ನಿಂತಳು.

“ಇಷ್ಟು ವರ್ಷ ಕೇಳದಾವ್ರು ಈಗ್ಯಾಕ ಕೇಳಾಕತ್ತೀರಿ? ನನ್ನ ಮ್ಯಾಲ ಏನ್ ಸಂಶೇವು ಬಂದೈತಿ? ಕೇಳ್ರಿ ಹಂಗಾರ. ಕೋಳಿ ಕೂಗೂಕಿಂತ ಮೊದಲ ಎದ್ದು ಕಸ ಹೊಡದೀನಿ. ನಿಮ್ಮವ್ವಗ ನೀರು ಕಾಸೀನಿ. ಬಾವಿಗೆ ಹೋಗಿ ಬಂದು ಹೋಗಿ ಬಂದು ನೆತ್ತಿ ಬೋಳಾಗೈತಿ. ಕುಳ್ಳು ತಟ್ಟೀನಿ, ಬೀಸೀನಿ, ಮಗಳ ಕೆಲಸನೂ ನಾನ ಮಾಡೀನಿ. ನೀವು ಸೈಕಲ್ ಬೆಲ್ಲು ಹೊಡದು ಬಂದಾಗ ಇನ್ನೂ ಮಾಡಾಕತ್ತೀನಿ. ಅದಕ್ಕೆಲ್ಲ ನಿಮ್ಮ ಹ್ಯಾಡ್ ಬೀನ್ ಹಚ್ಚಕೊಳ್ರಿ, ಹೋಗ್ರಿ.”

ಹಂಚಿನ ರೊಟ್ಟಿ ಕರಿಯಾಗಿ ಮನೆಯೆಲ್ಲ ಹೊಗೆ ತುಂಬಿತು. ವಿರುಪಣ್ಣ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, ಒಂದೊಂದೇ ಪದ ಜೋಡಿಸಿ, ನಾನು ಬಂದಾಗ ಹೆಂಡತಿ ಬೆಳಗಿನಿಂದ ನೀರು ಹೊರುತ್ತಿದ್ದಳು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದ. ಹುಲಿಗವ್ವ ಅಜ್ಜಿಯ ಮುಖ ನೋಡಿದಳು. ತಪ್ಪಿರಲಿಲ್ಲ. ಕಸ, ಕುಳ್ಳು, ಬೀಸುವುದು, ಎಲ್ಲದಕ್ಕೂ ಒಂದೊಂದು ವಾಕ್ಯ ಹೇಳಿದ. ಒಂದೂ ತಪ್ಪಲಿಲ್ಲ.

ಪಾಠ ತಲೆಗೆ ಹತ್ತಿದ ಮೇಲೆ ಅವನು ಆ ಪ್ರಶ್ನೆಯನ್ನು ಹೆಂಡತಿಗೆ ಮತ್ತೆ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಕೊಪ್ಪಳಕ್ಕೆ ಹೋಗಿ ಪರೀಕ್ಷೆ ಬರೆದು ಬಂದ. ಡಿಸೆಂಬರಿನಲ್ಲಿ ಪಾಸಾದ ಸುದ್ದಿ ಬಂತು. ಯಮನೂರಮ್ಮ ಹೋಳಿಗೆ ಮಾಡಿದಳು. ಕಚೇರಿಯ ಮೂರು ನಾಲ್ಕು ಜನ ಊಟಕ್ಕೆ ಬಂದರು. ಈ ವಯಸ್ಸಿನಲ್ಲಿ ಇಂಗ್ಲಿಷ್ ಹೇಗೆ ದಾಟಿದಿರಿ, ಯಾರ ಹತ್ತಿರ ಟ್ಯೂಷನ್ ಎಂದು ಅವರು ವಿಚಾರಿಸಿದಾಗ ಹುಲಿಗವ್ವ ತುಪ್ಪದ ಗಿಂಡಿ ಹಿಡಿದು ಅವರ ಹಿಂದೆಯೇ ನಿಂತಿದ್ದಳು.

“ಯಾರ ಹಂತ್ಯಾಕೂ ಹೋಗಿಲ್ರಿ. ಕಚೇರಿಯಿಂದ ಬಂದು ಒಬ್ಬನ ಕುಂತು ಓದಿದೆ,” ಎಂದ ವಿರುಪಣ್ಣ. ಮಗಳ ಕಡೆಗೆ ತಿರುಗದೆ ತಾಟು ಮುಂದೆ ಮಾಡಿ ತುಪ್ಪ ಬಡಿಸಿಕೊಂಡ.

ಆದರೆ ಮುದುಕವ್ವನ ಬಾಯಿಗೆ ಯಾರು ಕೈ ಅಡ್ಡ ಹಿಡಿದಾರು? ಬಾವಿಯ ಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ತನ್ನ ಮೊಮ್ಮಗಳು ಮೂರು ಸಲ ಬಿದ್ದವನನ್ನು ಹೇಗೆ ಎತ್ತಿದಳು, ತಾನು ನಡುವೆ ಕೂತು ಹೇಗೆ ಬೈಸಿಕೊಂಡೆ ಎಂದು ಅವಳು ಹೇಳುತ್ತ ತಿರುಗಿದಳು. ಹಸನಬೀ ಆ ಕತೆಯನ್ನು ಬಳೆಯ ಬುಟ್ಟಿಯ ಜೊತೆಗೆ ಹೊತ್ತುಕೊಂಡು ಊರೂರಿಗೆ ಹೋದಳು. ಹೀಗೆ ಒಂದೇ ಮನೆಯಿಂದ ಎರಡು ಮಾತು ಹೊರಬಿದ್ದವು.

ಸಂಕ್ರಾಂತಿಯ ನಂತರ ವಿರುಪಣ್ಣನಿಗೆ ಯಲಬುರ್ಗಾದಲ್ಲಿ ಕ್ಲಾರ್ಕ್ ಕೆಲಸವಾಯಿತು. ಅಲ್ಲಿಯೇ ಒಂದು ಕೋಣೆ ಹಿಡಿದು ರವಿವಾರ ಮಾತ್ರ ಮನೆಗೆ ಬರತೊಡಗಿದ. ಖಾಕಿ ಅಂಗಿಯನ್ನು ಯಮನೂರಮ್ಮ ಹರಿದು ಒಲೆಯ ಮಸಿ ಅರಿವೆ ಮಾಡಿಕೊಂಡಳು.

ಶಿವರಾತ್ರಿಯ ಹೊತ್ತಿಗೆ ಒಂದು ರವಿವಾರ ಸಿದ್ದಾಪುರದಿಂದ ಹೊನ್ನೂರಪ್ಪ, ದುರಗಮ್ಮ ಗಂಡ ಹೆಂಡತಿ ಬಂದರು. ಹಸನಬೀಯೇ ದಾರಿ ತೋರಿಸಿದ್ದಳು. ಕಾಲುವೆಯ ನೀರಿನ ಗದ್ದೆ, ಎರಡು ಬೆಳೆ, ಒಬ್ಬನೇ ಮಗ. ಬರುವಾಗ ಹೊಸ ಸಣ್ಣಕ್ಕಿಯ ಒಂದು ಚೀಲ ತಂದಿದ್ದರು. ನಮಗೆ ಕೊಡುವುದು ಬಿಡುವುದು ಏನೂ ಬೇಡ, ಹುಡುಗಿ ಒಬ್ಬಳನ್ನು ಕೊಡಿ ಎಂದರು. ಮಗ ತಿರುಪತಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಉಳಿದಿದ್ದಾನೆ, ಪಾಸಾದರೆ ಸೊಸೈಟಿಯಲ್ಲಿ ಕೆಲಸ ಸಿಗುತ್ತದೆ, ನಿಮ್ಮ ಹುಡುಗಿ ಬಂದರೆ ಅದೇನು ದೊಡ್ಡ ಮಾತಲ್ಲ ಎಂದು ದುರಗಮ್ಮ ನಗುತ್ತ ಹೇಳಿದಳು. ವಿರುಪಣ್ಣ ಕೆಮ್ಮಿ ಬೇರೆ ಮಾತು ತೆಗೆದ. ಅವರು ಹೋದ ಮೇಲೆ ಯಮನೂರಮ್ಮ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಬಿಟ್ಟು ಬಹಳ ಹೊತ್ತು ಕೂತಿದ್ದಳು.

ಮುಂದಿನ ರವಿವಾರ ಊಟಕ್ಕೆ ಕೂತಾಗ ಹುಲಿಗವ್ವ ತಂದೆಯ ತಾಟಿಗೆ ಪಲ್ಯ ಹಾಕಿ ಅಲ್ಲಿಯೇ ನಿಂತಳು.

“ಅಪ್ಪಾ, ಜೂನ್ ತಿಂಗಳದಾಗ ಕೊಪ್ಪಳಕ್ಕ ಹೋಗೂದಿತ್ತು.”

“ಇಂಥ ಮನಿ ಮತ್ತ ಸಿಗೂದಿಲ್ಲ ಹುಲಿಗಿ. ಜವಾನನ ಮಗಳು ಅಂತ ಮೊದಲ ಯಾರಾರ ಬಾಗಿಲಿಗೆ ಬಂದಿದ್ರೇನು? ಕ್ಲಾರ್ಕ್ ಆದೆ, ಬಂದ್ರು.”

“ಕ್ಲಾರ್ಕ್ ಹೆಂಗಾದ್ರಿ?”

ವಿರುಪಣ್ಣ ತುತ್ತು ಕೆಳಗಿಟ್ಟ. ಯಮನೂರಮ್ಮ ನಡುವೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ನನ್ನ ಕೈ ನೋಡು ಇಲ್ಲಿ. ಬಡದು ಬಡದು ಗೆರಿ ಅಳಿಸ್ಯಾವ. ಅಲ್ಲಿ ಒಂದು ಗಡಿಗಿ ಅನ್ನ ಇಟ್ರ ಮನಿಮಂದೆಲ್ಲ ಉಣ್ತಾರ. ನಾವು ಹಬ್ಬಕ್ಕ ಅನ್ನ ಕಂಡಾವ್ರು. ನೀ ದಿನಾ ಉಣ್ಣು.”

“ನನಗ ಅನ್ನ ಬ್ಯಾಡ. ದೇವರ ಮಾಡದ ಮುಂದ ಮಾತು ಕೊಟ್ಟಾರ. ಆಯಿ ಸಾಕ್ಷಿ ಅದಾಳ.” ಹುಲಿಗವ್ವ ಮೂಲೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಕೂತಿದ್ದ ಅಜ್ಜಿಯ ಕಡೆ ತಿರುಗಿದಳು. “ಹೇಳು ಆಯಿ. ಅಪ್ಪ ಏನಂದಿದ್ರು?”

ಮುದುಕವ್ವ ಮಗನನ್ನು ನೋಡಿದಳು. ಸೊಸೆಯನ್ನು ನೋಡಿದಳು. ಮೂಲೆಯಲ್ಲಿದ್ದ ಅಕ್ಕಿಯ ಚೀಲದ ಮೇಲೆಯೂ ಅವಳ ಕಣ್ಣು ಹೋಗಿ ಬಂತು. ಆಮೇಲೆ ಬಟ್ಟಲಿಗೆ ಬಗ್ಗಿದಳು.

“ಏನಂದೆವ್ವಾ? ನನಗ ಕಿವಿ ಕೇಳೂದಿಲ್ಲ.”

ಹುಲಿಗವ್ವ ಇನ್ನೊಮ್ಮೆ ಕೇಳಲಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು.

ಸಿದ್ದಾಪುರದ ಮನೆ ದೊಡ್ಡದು. ಅಂಗಳದ ತುಂಬ ಭತ್ತ, ಮನೆಯ ತುಂಬ ಭತ್ತದ ಧೂಳು. ತಿರುಪತಿ ಮೆತ್ತಗಿನ ಹುಡುಗ. ಹೆಂಡತಿಯ ಮುಂದೆ ಜಾಸ್ತಿ ಮಾತಾಡುತ್ತಿರಲಿಲ್ಲ, ತಂದೆಯ ಮುಂದೆ ಮಾತಾಡುತ್ತಲೇ ಇರಲಿಲ್ಲ. ಮೊದಲ ವಾರದಲ್ಲೇ ಹುಲಿಗವ್ವ ಅವನಿಗೆ ಕೊಪ್ಪಳದ ಮಾತು ಹೇಳಿದಳು. ಅರ್ಜಿಗೆ ಇನ್ನೂ ದಿನಗಳಿವೆ, ನೀವು ಮಾವನವರನ್ನು ಕೇಳಿರಿ ಎಂದಳು. ಅವನು ಹೇಗೋ ಧೈರ್ಯ ಮಾಡಿ ಕೇಳಿದ. ಹೊನ್ನೂರಪ್ಪ ಅಂಗಳದಿಂದಲೇ ಒಳಗೆ ಕೇಳುವಂತೆ ನಕ್ಕ.

“ಸೊಸಿನ್ನ ನೌಕರಿಗೆ ಕಳಸಾಕ ನಮ್ಮ ಮನ್ಯಾಗ ಏನ್ ಕಡಿಮಿ ಬಿದ್ದೈತಿ? ಮೊದಲ ಇವನ್ನ ಪಾಸ್ ಮಾಡಸ್ಲಿ. ಆಮ್ಯಾಲ ನೋಡೂಣು.”

ಆಮೇಲೆ ನೋಡೋಣ ಎಂಬ ಮಾತಿನ ತೂಕ ಹುಲಿಗವ್ವನಿಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ಸಂಜೆ ದುರಗಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಮಗನನ್ನು ಕರೆದು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಅವನ ಮುಂದೆ ಒಂದು ಮೊರ ಬೇಳೆ ಇಟ್ಟಳು. ತಾನು ಚಾಪೆಯ ಮೇಲೆ ಕೂತು ಸೊಸೆಯನ್ನು ಕರೆದಳು.

“ಏಮಮ್ಮಾ, ಬಾ ಕುಂದ್ರು. ಗಂಡಗ ತಪ್ಪು ಅನ್ನೂದು ನಿನಗೂ ಸಮ ಅಲ್ಲ. ನಿಮ್ಮನಿ ಪದ್ಧತಿ ಹಸನಬೀ ಎಲ್ಲಾ ಹೇಳ್ಯಾಳ. ನನಗ ಹೇಳು, ಅವ ಕೇಳ್ತಾನ. ನೀ ನನ್ನ ಬೈದ್ರೂ ನಾ ಸಿಟ್ಟಾಗೂದಿಲ್ಲ.”

ಹುಲಿಗವ್ವ ಕಂಬದ ಹತ್ತಿರ ನಿಂತು ಚಾಪೆಯನ್ನು ನೋಡಿದಳು. ಬೇಳೆಯ ಮೊರವನ್ನು ನೋಡಿದಳು. ತಿರುಪತಿಯ ಕಿವಿ ಆಗಲೇ ಕೆಂಪಾಗಿದ್ದವು.

“ನನಗ ಇಂಗ್ಲಿಷ್ ಬರೂದಿಲ್ರಿ ಅತ್ತಿ.”

“ಹಂಗಂದ್ರ? ನಿಮ್ಮಪ್ಪಗ ಕಲಿಸಿಲ್ಲೇನು?”

“ಅಪ್ಪ ಒಬ್ಬರ ಕುಂತು ಓದ್ಯಾರ್ರಿ. ಬೇಕಾದ್ರ ಅವರನ್ನ ಕೇಳ್ರಿ. ನಾ ಬಾಯಿಪಾಠ ಮಾಡಿ ಬರದು ಪಾಸಾದಾಕಿ. ಎಲ್ಲಾ ಮರತೈತಿ.”

ದುರಗಮ್ಮ ಮೊದಲು ನಗೆಯಾಡಿದಳು, ಆಮೇಲೆ ರಮಿಸಿದಳು, ಒಂದು ಹೊಸ ಸೀರೆಯ ಮಾತಾಡಿದಳು. ಸೊಸೆ ಅದೇ ಮಾತು ಹೇಳಿದಳು. ವಾರ ಕಳೆಯುವಷ್ಟರಲ್ಲಿ ದನಿ ಬದಲಾಯಿತು. ಮನೆಯೊಳಗಿನ ಕೆಲಸ ತಪ್ಪಿಸಿ ಅವಳನ್ನು ಕೂಲಿಯಾಳುಗಳ ಜೊತೆ ಸಸಿ ಹಚ್ಚಲು ಕಳಿಸಿದರು. ಕೆಸರಿನಲ್ಲಿ ಬಗ್ಗಿ ಅವಳ ನಡು ಹಿಡಿದುಕೊಂಡಿತು, ಕಾಲ್ಬೆರಳ ಸಂದು ಕೊಳೆತವು. ಫಸ್ಟ್ ಕ್ಲಾಸಿನವರು ಬಂದರು, ಗಂಜಿ ನೀಡಿರಿ ಎಂದು ಊಟದ ಹೊತ್ತಿಗೆ ದುರಗಮ್ಮ ದಿನವೂ ಅನ್ನತೊಡಗಿದಳು. ತಿರುಪತಿ ಒಂದು ದಿನ ಹಿತ್ತಲಲ್ಲಿ ಅವಳ ಕಾಲಿಗೆ ಬೇವಿನೆಣ್ಣೆ ತಂದುಕೊಟ್ಟು, ಒಂದಿಷ್ಟು ಹೇಳಿಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು ಎಂದ. ಅವಳು ಎಣ್ಣೆ ಹಚ್ಚಿಕೊಂಡು ಒಳಗೆ ಹೋದಳು. ಆ ಅಕ್ಟೋಬರಿನ ಪರೀಕ್ಷೆಯಲ್ಲಿ ಅವನು ಮತ್ತೆ ಬಿದ್ದ.

ಭತ್ತ ಕೊಯ್ಲಾದ ಮೇಲೆ ಹೊನ್ನೂರಪ್ಪ ಯಲಬುರ್ಗಾಕ್ಕೆ ಹೇಳಿಕಳಿಸಿದ. ವಿರುಪಣ್ಣ ಒಂದು ರವಿವಾರ ಬಂದ. ಟೆರಿಲಿನ್ ಅಂಗಿ, ಜೇಬಿನಲ್ಲಿ ಪೆನ್ನು. ಹುಲಿಗವ್ವ ಅಂಗಳದಲ್ಲಿ ಒಣಗಲು ಹರವಿದ ಭತ್ತವನ್ನು ಬೆಳಗಿನಿಂದ ಕಾಲಿನಿಂದ ಆಡಿಸುತ್ತಿದ್ದಳು. ತಂದೆಯನ್ನು ನೋಡಿ ನಿಂತು, ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟು, ಮತ್ತೆ ಭತ್ತಕ್ಕೆ ಇಳಿದಳು.

ಪಡಸಾಲೆಯಲ್ಲಿ ಊರಿನ ಇಬ್ಬರು ಹಿರಿಯರು ಕೂತಿದ್ದರು. ಹೊನ್ನೂರಪ್ಪ ಸುತ್ತು ಬಳಸಲಿಲ್ಲ.

“ಬೀಗರ, ಈ ಹಿರೇರ ಮುಂದ ಒಂದು ಮಾತು ಹೇಳ್ರಿ. ನಿಮ್ಮನ್ನ ಪಾಸ್ ಮಾಡಿಸಿದ್ದು ನಿಮ್ಮ ಮಗಳು ಹೌದೋ ಅಲ್ಲೋ? ಹೌದು ಅಂದ್ರ ಇಕಿ ಸುಳ್ಳು ಹೇಳಾಕತ್ತಾಳ, ಬುದ್ಧಿ ಹೇಳಿ ಹೋಗ್ರಿ. ಅಲ್ಲ ಅಂದ್ರ ನಿಮ್ಮವ್ವ ಊರೆಲ್ಲ ಸುಳ್ಳು ಹಬ್ಬಿಸಿ ನಮಗ ಮೋಸ ಮಾಡ್ಯಾಳ.”

ಹೊರಗೆ ಭತ್ತದಲ್ಲಿ ಕಾಲೆಳೆಯುವ ಸದ್ದು ನಿಂತಿತು. ವಿರುಪಣ್ಣ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ಹಿರಿಯರಲ್ಲಿ ಒಬ್ಬನ ಅಳಿಯ ಯಲಬುರ್ಗಾದ ಅದೇ ಕಚೇರಿಯಲ್ಲಿದ್ದ. ಇಲ್ಲಿ ಆಡಿದ ಮಾತು ಸೋಮವಾರ ಅಲ್ಲಿಗೆ ಮುಟ್ಟುತ್ತಿತ್ತು.

“ಹೆಣ್ಣುಡುಗಿ ಅದು, ಅಷ್ಟ್ಯಾಕ ಬರತೈತ್ರಿ ಅದಕ್ಕ,” ಎಂದ. “ನಾನ ಓದೀನಿ. ನಮ್ಮವ್ವ ವಯಸ್ಸಾದಾಕಿ, ಏನೇನೋ ಅಂತಾಳ. ಆಕಿಗೆ ಕಿವಿನೂ ಕೇಳೂದಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಭತ್ತದ ಸದ್ದು ಮತ್ತೆ ಸುರುವಾಯಿತು.

ಹಿರಿಯರು ಎದ್ದು ಹೋದರು. ಹೊನ್ನೂರಪ್ಪ ಗದ್ದೆಗೆ ಹೋದ. ಊಟಕ್ಕೆ ಹುಲಿಗವ್ವನೇ ಬಡಿಸಿದಳು. ಬಿಳಿ ಅನ್ನ, ತಿಳಿಸಾರು. ವಿರುಪಣ್ಣ ಕಲಸಿದ್ದನ್ನೇ ಕಲಸಿ, ಒಂದು ರೊಟ್ಟಿ ಇದ್ದರೆ ಹಾಕವ್ವಾ ಎಂದ. ಈ ಮನೆಯಲ್ಲಿ ರೊಟ್ಟಿ ಮಾಡುವುದಿಲ್ಲ ಎಂದು ಅವಳು ಇನ್ನೊಂದು ಸೌಟು ಅನ್ನ ಹಾಕಿದಳು. ಅವ್ವ ಹೇಗಿದ್ದಾಳೆ ಎಂದು ಕೇಳಿದಳು. ಇದ್ದಾಳೆ ಎಂದ. ಅಜ್ಜಿಯ ವಿಷಯ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಸ್ಸು ನಿಲ್ಲುವ ಬೇವಿನ ಮರದವರೆಗೆ ಅವಳು ತಂದೆಯ ಚೀಲ ಹಿಡಿದುಕೊಂಡು ಹೋದಳು. ಅಂಗಾಲಿಗೆ ಭತ್ತದ ಸುಂಕು ಅಂಟಿ ನವೆಯಾಗುತ್ತಿತ್ತು. ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತ ನಿಂತಳು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ವಿರುಪಣ್ಣ ಸುತ್ತ ಯಾರೂ ಇಲ್ಲದ್ದನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದ.

“ಕಲಿಸಿದ್ರ ಏನ್ ಹೋಗತಿತ್ತು ಹುಲಿಗಿ? ನಿನಗ ಬರತೈತಲ್ಲ. ನನಗಿಂತ ಯಾರಿಗೆ ಗೊತ್ತೈತಿ ಅದು?”

ಹುಲಿಗವ್ವ ಚೀಲವನ್ನು ಅವನ ಕೈಗೆ ಕೊಟ್ಟಳು.

“ಏನಂದ್ರಿ ಅಪ್ಪಾ? ನನಗ ಕಿವಿ ಕೇಳೂದಿಲ್ಲ.”

ಬಸ್ಸು ಬಂದು ನಿಂತಿತು. ಅವನು ಹತ್ತಿದ. ಕಿಟಕಿಯ ಹತ್ತಿರ ಜಾಗ ಸಿಕ್ಕಿತೋ ಇಲ್ಲವೋ ಎಂದು ಅವಳು ನೋಡಲಿಲ್ಲ. ಹಿಂದಿರುಗಿ ಬಂದಳು. ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಅವನು ಬರುವ ಮೊದಲಿನಿಂದ ಆಡಿಸುತ್ತಿದ್ದ ಭತ್ತಕ್ಕೆ ಮತ್ತೆ ಇಳಿದು, ಬಿಟ್ಟ ಸಾಲಿನಿಂದಲೇ ಕಾಲೆಳೆಯತೊಡಗಿದಳು.